ಹಿಟ್ಟಿನ ಕೋಳಿ ಮತ್ತು ಕಿರುತೆರೆಯ ಕಾಡು

ಶಹಾಪುರದ ಬಳಿ ರಸ್ತೆಯ ಒಂದು ತಾಣದಲ್ಲಿ ನಿಂತು ನೋಡಿದರೆ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ತುಸು ಮುಂದೆ ಸಾಗಿದರೆ ಬುದ್ಧನಿಲ್ಲ, ಬಂಡೆಗಳಷ್ಟೇ. ಇದರಲ್ಲಿ ವಂಚನೆಯೇನೂ ಇಲ್ಲ. ನೋಡುವವನು ತಾನೇ ನಡೆದುಹೋಗಿ ಬೆಟ್ಟದ ಇನ್ನೊಂದು ಮಗ್ಗುಲನ್ನು ಕಾಣಬಲ್ಲ. ಕಿರುತೆರೆಯ ಕಾಡಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಕ್ಯಾಮೆರಾ ನಿಂತಲ್ಲಿಯೇ ವೀಕ್ಷಕನೂ ನಿಲ್ಲಬೇಕು.

2020ರ ಜನವರಿಯಲ್ಲಿ ಬೇರ್ ಗ್ರಿಲ್ಸ್ ಅವರ ಸಾಹಸ ಕಾರ್ಯಕ್ರಮಕ್ಕಾಗಿ ನಟ ರಜನಿಕಾಂತ್, ಅವರ ಬಳಿಕ ಅಕ್ಷಯ್ ಕುಮಾರ್ ಬಂಡೀಪುರದ ಕಾಡಿಗೆ ಬಂದರು. ಇಂಥ ಕಂತು ಪ್ರಸಾರವಾದಾಗಲೆಲ್ಲ ಮನೆಯ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಇದು ನಿಜವೇ? ಪ್ರಶ್ನೆ ಅಕಾರಣವಲ್ಲ. ಗ್ರಿಲ್ಸ್ ಅವರ ಹಿಂದಿನ ಕಾರ್ಯಕ್ರಮದಲ್ಲಿ ಕಾಡುಕುದುರೆಗಳೆಂದು ತೋರಿಸಿದವು ವಾಸ್ತವದಲ್ಲಿ ಪಳಗಿದ ಕುದುರೆಗಳು ಎಂಬ ಆರೋಪ 2007ರಲ್ಲಿ ಕೇಳಿಬಂದಿತು. ಕೆಲವು ಸನ್ನಿವೇಶಗಳನ್ನು ಪ್ರದರ್ಶನಕ್ಕಾಗಿ ಒದಗಿಸಿಕೊಡಲಾಗಿದೆ ಎಂಬ ಸೂಚನೆ ಆ ಬಳಿಕ ತೆರೆಯ ಮೇಲೆ ಬರತೊಡಗಿತು. ಸೂಚನೆ ಬಂದದ್ದು ಒಳ್ಳೆಯದೇ, ಆದರೆ ಅದನ್ನು ಓದುವವರೆಷ್ಟು ಮಂದಿ?

ಇದಕ್ಕಿಂತ ಘೋರವಾದ ನಿದರ್ಶನವೂ ಉಂಟು. ಡಿಸ್ನಿ ಸಂಸ್ಥೆಯ 'ವೈಟ್ ವೈಲ್ಡರ್‌ನೆಸ್' ಎಂಬ 1958ರ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಹಿಮನಾಡಿನ ಇಲಿಗಳು ಗುಂಪಾಗಿ ನೀರಿಗೆ ಹಾರಿ ಸಾಯುವ ದೃಶ್ಯವಿದೆ. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಅವು ತಾವಾಗಿ ಹಾರಿರಲಿಲ್ಲ. ಹಣ ಕೊಟ್ಟು ತರಿಸಿ ತಳ್ಳಲಾಗಿತ್ತು ಎಂಬುದನ್ನು 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಬಯಲಿಗೆಳೆಯಿತು. ಕಥೆ ಸುಳ್ಳು, ಸಾವು ಮಾತ್ರ ನಿಜ.

ಪ್ರಾಣಿಗೆ ನೋವಾಗದಿದ್ದರೆ ನಟನೆಯಲ್ಲಿ ದೋಷವೇನು ಎಂದು ವಾದಿಸುವವರಿದ್ದಾರೆ. ಈ ವಾದಕ್ಕೆ ಉತ್ತರ ಕನ್ನಡದಲ್ಲಿಯೇ ಇದೆ. 13ನೆಯ ಶತಮಾನದ ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಕ್ತ ಹರಿಯಲಿಲ್ಲ. ಆದರೂ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಕೋಳಿ ಹಿಟ್ಟಿನದಾಗಿತ್ತು, ಕತ್ತಿ ಎತ್ತಿದ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಕಲ್ಪಿತ ಕಾದಾಟವನ್ನು ನೋಡುತ್ತ, ಈಗ ಕಚ್ಚುತ್ತದೆ, ಈಗ ಕೊಲ್ಲುತ್ತದೆ ಎಂದು ಕಾತರಿಸುವ ಮನಸ್ಸಿಗೂ ಇದೇ ಮಾತು ಅನ್ವಯಿಸುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ತ್ಯಜಿಸಬೇಕಾದ ಅನರ್ಥದಂಡಗಳನ್ನು, ಅಂದರೆ ನಿಷ್ಪ್ರಯೋಜಕ ಪಾಪಗಳನ್ನು, ಹೇಳುತ್ತಾರೆ. ಅವುಗಳಲ್ಲಿ ದುಃಶ್ರುತಿಯೂ ಒಂದು: ಚಿತ್ತವನ್ನು ಕಲಕುವ ಸಂಗತಿಗಳಿಗೆ ಕಿವಿಗೊಡುವುದು. ಚಿತ್ತವನ್ನು ಕಲಕುವವುಗಳ ಪಟ್ಟಿಯಲ್ಲಿ ರಾಗದ್ವೇಷಗಳ ಜೊತೆಗೆ ಸಾಹಸವೂ ಇರುವುದು ಇಂದಿನ ಓದುಗನಿಗೆ ಅಚ್ಚರಿ ತಂದೀತು. ಆಗಲೇ ಕಿರುತೆರೆ ಇದ್ದಿತೇನೋ ಎನ್ನುವಂತಿದೆ. ಇನ್ನು ಪ್ರಾಣಿಯನ್ನು ಬಂಧಿಸಿ ತಂದು ನಿಲ್ಲಿಸುವುದಂತೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾದ ಬಂಧವೇ ಆಗಿದೆ. ಬಂಧಿಸಿದವನು ಬೇರೆ, ನೋಡಿದವನು ಬೇರೆ ಎಂದು ಜಾರಿಕೊಳ್ಳುವಂತಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರರಲ್ಲೂ ಜೈನಧರ್ಮ ಹೊಣೆಯನ್ನು ಕಾಣುತ್ತದೆ. ವಾಹಿನಿಗಳು ಬದುಕುವುದೇ ವೀಕ್ಷಕರ ಸಂಖ್ಯೆಯ ಮೇಲೆ. ಆ ಸಂಖ್ಯೆಯೇ ಅನುಮೋದನೆ.

ಮಕ್ಕಳಿಗೆ ಪ್ರಾಣಿಪಕ್ಷಿಗಳನ್ನು ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾದಗಿರಿ ಜಿಲ್ಲೆಯವರಿಗೆ ಅದಕ್ಕೆ ದೂರ ಹೋಗಬೇಕಾಗಿಲ್ಲ. ಸುರಪುರ ತಾಲ್ಲೂಕಿನಲ್ಲಿಯೇ ಬೋನಾಳ ಪಕ್ಷಿಧಾಮವಿದೆ. ದಡದಲ್ಲಿ ಗಂಟೆಗಟ್ಟಲೆ ಕುಳಿತರೂ ಕೆಲವೊಮ್ಮೆ ಅಲ್ಲಿ ಏನೂ ನಡೆಯುವುದಿಲ್ಲ. ಕೊಕ್ಕರೆ ಒಂಟಿಗಾಲಿನಲ್ಲಿ ನಿಂತಿರುತ್ತದೆ, ನೀರು ಅಲುಗುತ್ತದೆ, ಅಷ್ಟೇ. ಕಿರುತೆರೆಗೆ ಒಗ್ಗಿದ ಮಗು ಬೇಸತ್ತು, ಹಕ್ಕಿ ಹಾರಲೆಂದು ಕಲ್ಲನ್ನು ಕೈಗೆತ್ತಿಕೊಳ್ಳಬಹುದು. ಆ ಕಲ್ಲನ್ನು ಕೆಳಗಿಡಿಸಿ, ಇನ್ನೂ ಅರ್ಧ ಗಂಟೆ ಅಲ್ಲೇ ಕುಳಿತಿರುವಷ್ಟು ಬಿಡುವು ಜೊತೆಗೆ ಬಂದ ಹಿರಿಯರಿಗೆ ಇರಬೇಕು.