ಸ್ಥಳೀಯ ದೂರದರ್ಶನ: ಗಂಟೆಗಳ ಲೆಕ್ಕ ಕೊಡುವವರು ಯಾರು?

ಹೈದರಾಬಾದಿನ ರಾಮಂತಾಪುರದ ದೂರದರ್ಶನ ಕೇಂದ್ರವೆಂದರೆ ಇಂದು ತೆಲುಗಿನ ‘ಯಾದಗಿರಿ’ ವಾಹಿನಿಯ ನೆಲೆ. ಆದರೆ ಕರ್ನಾಟಕದ ಹಳ್ಳಿಗಳು ಮೊದಲು ಕಂಡ ಕನ್ನಡ ದೂರದರ್ಶನ ಕಾರ್ಯಕ್ರಮಗಳು ಸಿದ್ಧವಾದದ್ದು ಇದೇ ನಗರದಲ್ಲಿ ಎಂಬ ಸಂಗತಿ ಹೈದರಾಬಾದಿನ ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿದಿಲ್ಲ.

1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕಾರ್ಯಕ್ರಮ ತಯಾರಿಕೆಗೆ ದೆಹಲಿ, ಕಟಕ್, ಹೈದರಾಬಾದ್ ಎಂಬ ಮೂರು ಕೇಂದ್ರಗಳಿದ್ದವು. ಉಪಗ್ರಹವು ಒಂದೇ ದೃಶ್ಯದೊಡನೆ ಎರಡು ಧ್ವನಿಗಳನ್ನು ಒಯ್ಯಬಲ್ಲದಾಗಿದ್ದರಿಂದ ಒಂದೇ ಚಿತ್ರಕ್ಕೆ ತೆಲುಗು, ಕನ್ನಡ ಎರಡೂ ಭಾಷೆಗಳನ್ನು ಹೊಂದಿಸಲು ಸಾಧ್ಯವಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಪ್ರಸಾರ. ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣದ ವಿಚಾರಗಳನ್ನು ಊರವರು ಸಾರ್ವಜನಿಕ ಟಿ.ವಿ.ಯ ಮುಂದೆ ಒಟ್ಟಿಗೆ ಕುಳಿತು ನೋಡಿದರು. ಉಪಗ್ರಹದ ಅವಧಿ ಮುಗಿದ ಮೇಲೆ, 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಿಂದುಳಿದದ್ದೆಂದು ಕರೆಯಲ್ಪಡುವ ಪ್ರದೇಶವು ರಾಜಧಾನಿಗಿಂತ ಮೊದಲು ಈ ಸೌಲಭ್ಯ ಪಡೆದ ಉದಾಹರಣೆಗಳು ಅಪರೂಪ.

2021ರಲ್ಲಿ ಪ್ರಸಾರ ಭಾರತಿಯು ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ದೇಶದಾದ್ಯಂತ ನಿಲ್ಲಿಸುತ್ತಿದ್ದಾಗ, ಕಲಬುರಗಿ ಕೇಂದ್ರವೇ ಮುಚ್ಚಲಿದೆಯೆಂಬ ಸುದ್ದಿ ಹಬ್ಬಿತು. ಸಂಸ್ಥೆ ಅದನ್ನು ಅಲ್ಲಗಳೆಯಿತು. ಕೇಂದ್ರವು ಕಾರ್ಯಕ್ರಮ ತಯಾರಿಸುತ್ತಲೇ ಇರುತ್ತದೆ, ಅವು ‘ಚಂದನ’ದಲ್ಲಿ ಪ್ರಸಾರವಾಗುತ್ತವೆ ಎಂದು ತಿಳಿಸಿತು. ಮನೆಮನೆಗೆ ಡಿಶ್ ಬಂದಿರುವಾಗ ಹಳೆಯ ಯಂತ್ರಕ್ಕೆ ವಿದ್ಯುತ್ ವ್ಯಯಿಸುವುದು ಜಾಣತನವಲ್ಲ. ಆ ನಿರ್ಧಾರವನ್ನು ಒಪ್ಪಬಹುದು. ಆದರೆ ಸ್ವಂತ ಪ್ರಸಾರವಿದ್ದಾಗ ಆ ಭಾಗಕ್ಕೆ ಮೀಸಲಾಗಿದ್ದ ಸಮಯವು ಇಡೀ ರಾಜ್ಯದ ವಾಹಿನಿಯೊಂದರಲ್ಲಿ ಎಷ್ಟು ಉಳಿಯಿತು? ಯಾವ ಹೊತ್ತಿನಲ್ಲಿ ದೊರೆಯಿತು? ಅದರಲ್ಲಿ ಹೊಸದೆಷ್ಟು, ಮರುಪ್ರಸಾರವೆಷ್ಟು? ಬೀದರಿನ ತೊಗರಿ ಬೆಳೆಗಾರನಿಗೆ ಬೇಕಾದ ಮಾತು ಬೆಂಗಳೂರಿನ ವೇಳಾಪಟ್ಟಿಯಲ್ಲಿ ಕರಗಿಹೋದರೆ ಅದನ್ನು ಗುರುತಿಸುವವರು ಯಾರು?

ಪ್ರಸಾರ ಭಾರತಿ ಕಾಯಿದೆ 1990ರದು. ಜಾರಿಗೆ ಬಂದದ್ದು 1997ರಲ್ಲಿ. ಸಂಸ್ಥೆಯ ಹಣಕಾಸನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ಅದರ ಕಾರ್ಯವೈಖರಿಯ ಮೇಲ್ವಿಚಾರಣೆಗೆ 22 ಸಂಸದರ ಸಮಿತಿಯೊಂದು ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಅದನ್ನು ರಚಿಸುವ ಆಸಕ್ತಿಯನ್ನು ಯಾವ ಪಕ್ಷದ ಸರ್ಕಾರವೂ ತೋರಲಿಲ್ಲ. ಹೀಗಾಗಿ ರೂಪಾಯಿಗೆ ಲೆಕ್ಕವಿದೆ, ಸೇವೆಗೆ ಲೆಕ್ಕವಿಲ್ಲ. ಖರ್ಚು ಮಾತ್ರ ಕಣ್ಣಿಗೆ ಬೀಳುವ ಪಟ್ಟಿಯಲ್ಲಿ ಸಣ್ಣ ಕೇಂದ್ರವು ಸದಾ ಹೊರೆಯಾಗಿಯೇ ಕಾಣುತ್ತದೆ. ಕತ್ತರಿ ಬೀಳುವುದೂ ಮೊದಲು ಅಲ್ಲಿಯೇ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪ್ರತಿ ಕೇಂದ್ರವೂ ವರ್ಷಕ್ಕೊಮ್ಮೆ ಒಂದು ಪುಟದ ವಿವರ ಪ್ರಕಟಿಸಲಿ: ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ತಯಾರಾದ ಹೊಸ ಕಾರ್ಯಕ್ರಮಗಳ ಗಂಟೆಗಳೆಷ್ಟು, ಅವು ಪ್ರಸಾರವಾದ ವೇಳೆ ಯಾವುದು, ಪ್ರತಿ ಗಂಟೆಗೆ ತಗಲಿದ ವೆಚ್ಚವೆಷ್ಟು. ಆ ಪುಟ ಕೈಯಲ್ಲಿದ್ದರೆ ಕೇಂದ್ರವನ್ನು ಉಳಿಸಬೇಕೆನ್ನುವವರೂ ಮುಚ್ಚಬೇಕೆನ್ನುವವರೂ ಆಧಾರ ಹಿಡಿದು ವಾದಿಸಬಹುದು.

ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ನೆಲೆಸಿರುವ ಕಲ್ಯಾಣ ಕರ್ನಾಟಕದ ಕುಟುಂಬಗಳು ಈ ವಿಷಯದಲ್ಲಿ ಕೈಕಟ್ಟಿ ಕೂರಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಪ್ರಸಾರ ಭಾರತಿಗೂ ಅನ್ವಯಿಸುತ್ತದೆ. ಅರ್ಜಿಯ ಶುಲ್ಕ ಹತ್ತು ರೂಪಾಯಿ. ತವರಿನ ಸಂಸದರಿಗೆ ಒಂದು ಪತ್ರ, ಪ್ರಸಾರ ಭಾರತಿಗೆ ಒಂದು ಅರ್ಜಿ: ಇಷ್ಟನ್ನು ಊರು ಬಿಟ್ಟವರೂ ಮಾಡಬಹುದು. ಐವತ್ತು ವರ್ಷಗಳ ಹಿಂದೆ ಪಕ್ಕದ ರಾಜ್ಯದ ರಾಜಧಾನಿಯಿಂದಲೂ ಈ ಹಳ್ಳಿಗಳಿಗೆ ಕನ್ನಡದಲ್ಲಿ ಮಾತನಾಡಲು ಸಾಧ್ಯವಾಗಿತ್ತು. ಇಂದು ಸ್ವಂತ ರಾಜ್ಯದ ವಾಹಿನಿ ಅವರಿಗಾಗಿ ಎಷ್ಟು ಹೊತ್ತು ಮಾತನಾಡುತ್ತಿದೆಯೆಂದು ಕೇಳುವುದು ನಾಗರಿಕರ ಹಕ್ಕು.