ಲೂಟಿ ಅಂದವರು ಯಾರು?

"ನಮ್ಮೂರಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ?" ಬೆಂಗಳೂರಲ್ಲಿ ಕೂತ ಪುತ್ತೂರು, ಸುಳ್ಯ, ಕಡಬದ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇದೇ ಮಂದಿ ವೀಸಾ ಮಾಡಿಸಿ ಸ್ಪೇನಿನ ಹಳ್ಳಿಗೆ ಹೋಗಿ, ಕಲ್ಲುಹಾಸಿನ ಬೀದಿಯ ಫೋಟೋ ಹಾಕುತ್ತಾರೆ. ಹೋಗಲಿ, ತಪ್ಪಿಲ್ಲ. ಹೋದಲ್ಲಿ ಕಣ್ಣು ತೆರೆದು ನೋಡಿದರೆ ಸಾಕು.

ಅಲ್ಲಿ ಫುಯೆಂಟೆ ಒಬೆಹುನಾ ಎಂಬ ಸಣ್ಣ ಊರಿದೆ. 1476ರಲ್ಲಿ ಅಲ್ಲಿನ ಜನ ತಮ್ಮನ್ನು ಹಿಂಡುತ್ತಿದ್ದ ಒಡೆಯನನ್ನು ಕೊಂದರು. ಕೊಂದವರು ಯಾರು ಎಂದು ಹಿಂಸೆ ಕೊಟ್ಟು ಕೇಳಿದರೂ ಅವರು ಊರಿನ ಹೆಸರೊಂದನ್ನೇ ಹೇಳಿದರಂತೆ. ಲೋಪೆ ದ ವೇಗಾ ಅದನ್ನು ನಾಟಕ ಮಾಡಿದ. ಊರಿನವರೇ ತಮ್ಮ ಚೌಕದಲ್ಲಿ ಅದನ್ನು ಆಡುತ್ತಾ ಬಂದಿದ್ದಾರೆ.

ಈಗ ಬೆಳ್ಳಾರೆಗೆ ಬನ್ನಿ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರಕಾರ, ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಲ್ಲಿ ಕಟ್ಟಿ ಅಂದಿತು. ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? 1837ರಲ್ಲಿ ರೈತರು ಎದ್ದರು. ಕಲ್ಯಾಣಸ್ವಾಮಿಯ ಹೆಸರು, ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವ. ಬೆಳ್ಳಾರೆಯ ಖಜಾನೆ ವಶವಾಯಿತು. ಏಪ್ರಿಲ್ 5ಕ್ಕೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರದೇ ಬಾವುಟ. 1857ಕ್ಕೆ ಇನ್ನೂ 20 ವರ್ಷ ಬಾಕಿ ಇತ್ತು!

ಇಷ್ಟೆಲ್ಲಕ್ಕೆ ನಮ್ಮ ಕಡೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟುಕಾಯಿ'. ಕಾಟುಕಾಯಿ ಅಂದರೆ ಲೂಟಿ, ದಾಂಧಲೆ. ಖಜಾನೆ ಕಳಕೊಂಡವನು ಲೂಟಿ ಅನ್ನಲಿ, ಅವನ ಸಂಕಟ ಅವನಿಗೆ. ಕಂದಾಯ ಕಟ್ಟಿ ಬರಿಗೈಯಾದವರ ಮರಿಮಕ್ಕಳೂ ಹಾಗೇ ಅನ್ನುವುದಾ? ಅಲ್ಲಿ ಊರಿನ ಮಾತು ಉಳಿಯಿತು, ಇಲ್ಲಿ ಕಂಪನಿಯ ಮಾತು ಉಳಿಯಿತು. ಪರಂಪರೆ ಕಳಕೊಳ್ಳುವುದು ಅಂದರೆ ಇದು. ಗೋಡೆ ಬೀಳುವುದು ಆಮೇಲಿನ ಮಾತು.

"ಮಂಗಳೂರಲ್ಲಿ ರಾಮಯ್ಯ ಗೌಡರ ಪ್ರತಿಮೆ ಆಯ್ತಲ್ಲ?" ಆಯಿತು, 2022ರಲ್ಲಿ. ಒಳ್ಳೆಯದೇ. ಆದರೆ ಪ್ರತಿಮೆ ಮಾತಾಡುವುದಿಲ್ಲ. "ಕ್ಯೂಆರ್ ಕೋಡ್ ಹಾಕುವಾ, ಆ್ಯಪ್ ಮಾಡುವಾ" ಅನ್ನುವವರೂ ಇದ್ದಾರೆ. ಆ್ಯಪ್ ಮಾಡಿಯೇ ಅನ್ನ ತಿನ್ನುವವನು ನಾನು. ಮನೆಯಲ್ಲಿ ಯಾರೂ ಹೇಳದ ಕತೆಯನ್ನು ಯಾವ ಆ್ಯಪೂ ಉಳಿಸುವುದಿಲ್ಲ.

ಸಾಮಗ್ರಿಗೆ ಬರ ಇಲ್ಲ. ಈಗ ಕಡಬ ತಾಲೂಕಿಗೆ ಸೇರಿದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದಿಟ್ಟಿದ್ದಾರೆ. ರಾತ್ರಿಯಿಡೀ ಆಟ ನೋಡುವ ಸೀಮೆ ನಮ್ಮದು. ವೇಷ ಕಟ್ಟುವವರಿದ್ದಾರೆ, ಚೆಂಡೆ ಬಾರಿಸುವವರಿದ್ದಾರೆ. ವರ್ಷಕ್ಕೊಂದು ಸಲ, ಬೆಳ್ಳಾರೆಯಲ್ಲೇ, ಬೆಳ್ಳಾರೆಯ ಮಕ್ಕಳೇ ಈ ಪ್ರಸಂಗ ಆಡಲಿ. ಸ್ಪೇನಿಗೆ ಹಾಕುವ ದುಡ್ಡಲ್ಲಿ ಸ್ವಲ್ಪ ಅದಕ್ಕೂ ಕೊಡಿ.

ಅದಕ್ಕೂ ಮೊದಲು, ದುಡ್ಡು ಬೇಡದ ಕೆಲಸ ಒಂದುಂಟು: 'ಕಾಟುಕಾಯಿ' ಅನ್ನುವುದನ್ನು ಬಿಡಿ. ರೈತರ ದಂಗೆ ಅನ್ನಿ.