ಕನ್ನಡಿಯ ಗೀರಿನಲ್ಲಿ ಬೆಳಕಿನ ಅಳತೆ

ಮುಕ್ಕಾಲಿಯ ಮೇಲೆ ಉಪಕರಣವಿಟ್ಟು, ಒಂದು ಕಣ್ಣು ಮುಚ್ಚಿ ನೋಡುವ ಸರ್ವೆಯವರನ್ನು ಕಂಡಿದ್ದೀರಲ್ಲವೆ? ಅಂಥ ಉಪಕರಣಗಳಿಗೆ ಹೆಸರಾದ ಜಪಾನಿನ ಟಾಪ್‌ಕಾನ್ ಕಂಪನಿ 1932ರಲ್ಲಿ ಟೋಕಿಯೊ ಆಪ್ಟಿಕಲ್ ಎಂಬ ಹೆಸರಿನಿಂದ ಹುಟ್ಟಿದ್ದು ಸೇನೆಯ ಅಗತ್ಯಕ್ಕಾಗಿ. ಸೀಕೊ ಗಡಿಯಾರದ ಹಟ್ಟೋರಿ ಸಂಸ್ಥೆಯ ಮೋಜಣಿ ಉಪಕರಣ ವಿಭಾಗವೇ ಅದರ ಬುನಾದಿ. 1945ರಲ್ಲಿ ಯುದ್ಧ ಮುಗಿಯಿತು. ಕೊಳ್ಳಲು ಸೇನೆಯೇ ಉಳಿಯಲಿಲ್ಲ! ಮಸೂರ ಉಜ್ಜುವ ಕೈಗಳು ಬೈನಾಕ್ಯುಲರ್, ಕ್ಯಾಮೆರಾಗಳತ್ತ ತಿರುಗಿದವು.

1963ರ ಆರ್‌ಇ ಸೂಪರ್ ಕ್ಯಾಮೆರಾದ ಜಾಣ್ಮೆ ನೋಡಿ. ಮಸೂರದ ಹಿಂದಿನ ಕನ್ನಡಿಯ ಲೇಪದಲ್ಲಿ ಸಣ್ಣ ಗೀರುಗಳು. ಅವುಗಳಿಂದ ನುಸುಳಿದ ಬೆಳಕು ಹಿಂಬದಿಯ ಕ್ಯಾಡ್ಮಿಯಂ ಸಲ್ಫೈಡ್ ಕೋಶಕ್ಕೆ ಬೀಳುತ್ತದೆ. ಬೆಳಕು ಹೆಚ್ಚಿದಷ್ಟೂ ಕೋಶದ ವಿದ್ಯುತ್ ರೋಧ ಕಡಿಮೆ. ಹೀಗೆ ಮಸೂರದೊಳಗೆ ಬಂದ ಬೆಳಕನ್ನೇ ಅಳೆದಂತಾಯಿತು.

ಇಷ್ಟಾದರೂ 1981ರಲ್ಲಿ ಕ್ಯಾಮೆರಾ ತಯಾರಿಕೆ ನಿಂತಿತು. ಉಳಿದದ್ದು ಭೂಮಿ ಅಳೆಯುವ, ಕಣ್ಣು ಪರೀಕ್ಷಿಸುವ ಉಪಕರಣಗಳು. 2008ರಲ್ಲಿ, ತನಗಿಂತ 12 ವರ್ಷ ಹಿರಿಯನಾದ ಪ್ರತಿಸ್ಪರ್ಧಿ ಸೊಕ್ಕಿಯಾವನ್ನೂ ಟಾಪ್‌ಕಾನ್ ತನ್ನೊಳಗೆ ಸೇರಿಸಿಕೊಂಡಿತು.